ಧಣಿಯೂ ಗೇಣಿ ಕೊಡಬೇಕು ಅಂದವರು

ನಮ್ಮ ಮನೆಯಲ್ಲಿ ‘ಡಿಕ್ಲರೇಷನ್’ ಅಂದರೆ ಒಂದೇ ಅರ್ಥ. ಕುಂದಾಪುರದ ಕಡೆ ಚಾಲಗೇಣಿಗೆ, ಅಂದರೆ ವರ್ಷವರ್ಷದ ಗೇಣಿಗೆ, ಗದ್ದೆ ಮಾಡುತ್ತಿದ್ದ ನನ್ನ ಅಜ್ಜಯ್ಯ, ದೇವರಾಜ ಅರಸರ 1974ರ ಭೂಸುಧಾರಣೆ ಬಂದಾಗ ಹಾಕಿದ ಏಳನೇ ನಂಬರಿನ ಅರ್ಜಿ. ಅಲ್ಲಿಯವರೆಗೆ ವರ್ಷವರ್ಷ ಧಣಿಯ ಮನೆಗೆ ಅಕ್ಕಿ ಮುಡಿ ಹೊತ್ತವರು ಅವರು. ಆ ಅರ್ಜಿಯಿಂದ ಗದ್ದೆ ಅವರದಾಯಿತು. ನಾನು ಓದಿದ್ದು ಆ ಗದ್ದೆಯಿಂದ.

ಈಗ ನಾನಿರುವುದು ವರ್ಜೀನಿಯಾದಲ್ಲಿ. ಇಲ್ಲಿ ಡಿಕ್ಲರೇಷನ್ ಅಂದರೆ 1776ರ ಸ್ವಾತಂತ್ರ್ಯ ಘೋಷಣೆ. ಅದನ್ನು ಬರೆದ ಥಾಮಸ್ ಜೆಫರ್ಸನ್ ಇದೇ ನೆಲದವರು. ಆಸ್ತಿ ಹಂಚಿಕೆಯ ಮಾತು ಬಂದರೆ, ‘ಅದು ಅಮೆರಿಕದ ದಾರಿಯಲ್ಲ’ ಅನ್ನುವವರು ಇಲ್ಲಿ ಜಾಸ್ತಿ. ಇಲ್ಲಿಗೆ ಬಂದು ನೆಲೆಸಿದ ನಮ್ಮವರೂ ಹಾಗೇ ಅನ್ನುತ್ತಾರೆ. ಈ ದೇಶ ಕಟ್ಟಿದವರು ಏನು ಬರೆದಿದ್ದಾರೆ ಅಂತ ಓದಿದ ಮೇಲೆ ನನಗೆ ಆ ಮಾತು ಒಪ್ಪಲು ಆಗುತ್ತಿಲ್ಲ.

1785ರ ಅಕ್ಟೋಬರ್. ಜೆಫರ್ಸನ್ ಫ್ರಾನ್ಸಿನ ಫೊಂಟೆನ್‌ಬ್ಲೋದಲ್ಲಿ ನಡೆದು ಹೋಗುವಾಗ ದಾರಿಯಲ್ಲಿ ಒಬ್ಬ ಬಡ ಹೆಂಗಸು ಜೊತೆಯಾದಳು. ದಿನಕ್ಕೆ ಎಂಟು ಸೂ (ಆಗಿನ ಫ್ರಾನ್ಸಿನ ಸಣ್ಣ ನಾಣ್ಯ) ಕೂಲಿ, ಇಬ್ಬರು ಮಕ್ಕಳು. ಮನೆ ಬಾಡಿಗೆಗೇ 75 ದಿನದ ದುಡಿಮೆ ಹೋಗುತ್ತದೆ. ಎಷ್ಟೋ ದಿನ ಕೆಲಸವೇ ಇಲ್ಲ. ಬೀಳ್ಕೊಡುವಾಗ ಅವರು 24 ಸೂ ಕೈಗಿಟ್ಟರೆ ಆಕೆ ಅತ್ತುಬಿಟ್ಟಳು. ಮರುದಿನ ಜೆಫರ್ಸನ್ ತಮ್ಮ ಗೆಳೆಯ, ಮುಂದೆ ಅಮೆರಿಕದ ಅಧ್ಯಕ್ಷರಾದ ಜೇಮ್ಸ್ ಮ್ಯಾಡಿಸನ್‌ಗೆ ಪತ್ರ ಬರೆದರು. ಶ್ರೀಮಂತರ ಬೇಟೆಗಾಗಿ ಭೂಮಿ ಬೀಳುಬಿಟ್ಟಿದೆ, ಕೆಲಸ ಮಾಡಲು ತಯಾರಿರುವವರಿಗೆ ನೆಲ ಇಲ್ಲ ಅಂತ ನೊಂದುಕೊಂಡರು. ಆಸ್ತಿ ಎಲ್ಲ ಮಕ್ಕಳಿಗೂ ಸಮನಾಗಿ ಹೋಗಲಿ. ಸಣ್ಣವರಿಗೆ ತೆರಿಗೆ ಬೇಡ, ಆಸ್ತಿ ಏರಿದಂತೆ ತೆರಿಗೆಯೂ ಮೇಲೆ ಮೇಲೆ ಏರಲಿ. ಇದು ಅವರ ಸಲಹೆ.

ವರ್ಜೀನಿಯಾದಲ್ಲಿ ಉಯಿಲು ಇಲ್ಲದೆ ಸತ್ತವರ ಭೂಮಿಯೆಲ್ಲ ಹಿರಿಯ ಮಗನಿಗೇ ಸೇರುವ ಕಾನೂನು ಹೋದದ್ದು ಅವರು ಹಾಕಿದ ಮಸೂದೆಯಿಂದಲೇ. 1776ರಲ್ಲಿ ಈ ರಾಜ್ಯಕ್ಕೆ ಅವರು ಬರೆದ ಸಂವಿಧಾನದ ಕರಡಿನಲ್ಲಿ, ಭೂಮಿಯಿಲ್ಲದ ವಯಸ್ಕರಿಗೆ 50 ಎಕರೆ ಕೊಡಬೇಕು ಅಂತಲೂ ಇತ್ತು. ಅದು ಕರಡಿನಲ್ಲೇ ಉಳಿಯಿತು.

ನನ್ನ ಮನಸ್ಸಿಗೆ ಎಲ್ಲರಿಗಿಂತ ಹತ್ತಿರ ಆದವರು ಥಾಮಸ್ ಪೇನ್. ಇಂಗ್ಲೆಂಡಿನಿಂದ ಬಂದು ಅಮೆರಿಕದ ಕ್ರಾಂತಿಗೆ ಲೇಖನಿ ಹಿಡಿದವರು. 1797ರಲ್ಲಿ ಅಚ್ಚಾದ ‘ಅಗ್ರೇರಿಯನ್ ಜಸ್ಟಿಸ್’ ಅನ್ನುವ ಅವರ ಪುಟ್ಟ ಪುಸ್ತಕ ಓದುವಾಗ ಅಜ್ಜಯ್ಯ ನೆನಪಾದರು. ಭೂಮಿ ಮೊದಲಿಗೆ ಎಲ್ಲರದು ಅಂತಾರೆ ಪೇನ್. ಉತ್ತು ಬಿತ್ತಿ ಹೆಚ್ಚಿಸಿದ ಬೆಲೆ ಮಾತ್ರ ಒಡೆಯನದು. ಹಾಗಾಗಿ ಪ್ರತಿ ಒಡೆಯನೂ ಸಮಾಜಕ್ಕೆ ನೆಲಬಾಡಿಗೆ ಬಾಕಿ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಗೇಣಿ ಕೊಡಬೇಕಾದವನು ಧಣಿ!

ಆ ಗೇಣಿ ವಸೂಲಿಗೆ ಅವರು ಆರಿಸಿದ್ದು ಆಸ್ತಿ ಕೈ ಬದಲಾಗುವ ಹೊತ್ತು. ಒಬ್ಬರು ತೀರಿಕೊಂಡಾಗ ಹತ್ತರಲ್ಲಿ ಒಂದು ಪಾಲು ನಿಧಿಗೆ. ಅದರಿಂದ 21 ತುಂಬಿದ ಪ್ರತಿಯೊಬ್ಬರಿಗೂ 15 ಪೌಂಡ್, 50 ದಾಟಿದವರಿಗೆ ಬದುಕಿರುವವರೆಗೆ ವರ್ಷಕ್ಕೆ 10 ಪೌಂಡ್. ಹೊಸದಾಗಿ ಸಂಸಾರ ಹೂಡುವವರು ಒಂದು ಹಸು, ನಾಲ್ಕು ಸಲಕರಣೆ ಕೊಳ್ಳಬಹುದು ಅಂತ ಲೆಕ್ಕ ಹಾಕಿದ್ದರು. ಬಡವರಿಗೆ ಮಾತ್ರ ಅಲ್ಲ, ಎಲ್ಲರಿಗೂ. ಯಾಕಂದರೆ ಇದು ದಾನವಲ್ಲ, ಹಕ್ಕು. ಊರಿನಲ್ಲಿ ಹೆಂಗಸರ ಖಾತೆಗೆ ಬರುವ ಎರಡು ಸಾವಿರವನ್ನು ಯಾರಾದರೂ ‘ಬಿಟ್ಟಿ’ ಅಂದಾಗ ನನಗೆ ಪೇನ್ ನೆನಪಾಗುತ್ತಾರೆ, ಸಂಕಟವಾಗುತ್ತದೆ.

ಇವರನ್ನೆಲ್ಲ ದೇವರು ಮಾಡುವುದು ಬೇಡ. ಜೆಫರ್ಸನ್ ಬದುಕಿನುದ್ದಕ್ಕೂ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. ಅವರು ಹಂಚಬೇಕೆಂದಿದ್ದ ಭೂಮಿ ಮೂಲನಿವಾಸಿಗಳದ್ದು. ನಮ್ಮಲ್ಲೂ ಅಷ್ಟೇ. ಗೇಣಿದಾರನಿಗೆ ಗದ್ದೆ ಬಂತು. ಅದೇ ಗದ್ದೆಯಲ್ಲಿ ಕೂಲಿಗೆ ನಟ್ಟಿ ಮಾಡಿದವಳಿಗೆ ಬರಲಿಲ್ಲ. ಅಜ್ಜಯ್ಯನ ಗದ್ದೆಗೂ ಅಂಥವರು ಬರುತ್ತಿದ್ದರು.

ಅಮೆರಿಕದಲ್ಲಿ ದೊಡ್ಡ ಆಸ್ತಿಗಳ ಮೇಲೆ ಮರಣೋತ್ತರ ತೆರಿಗೆ 1916ರಲ್ಲಿ ಬಂತು, ಇವತ್ತಿಗೂ ಇದೆ. 2026ರಿಂದ ಒಂದೂವರೆ ಕೋಟಿ ಡಾಲರ್ ದಾಟಿದ ಮೇಲಷ್ಟೇ ತಾಗುತ್ತದೆ, ಆದರೂ ಇದೆ. ನಮ್ಮ ದೇಶದಲ್ಲಿ 1953ರಲ್ಲಿ ಬಂದದ್ದನ್ನು 1985ರಲ್ಲಿ ತೆಗೆದುಹಾಕಿದರು. ಹಂಚಿಕೊಂಡು ಬಾಳುವವರು ನಾವು ಅಂತ ಎದೆತಟ್ಟಿಕೊಳ್ಳುವ ಮುಂಚೆ ಇದನ್ನು ಯೋಚಿಸಬೇಕು, ಅಲ್ವಾ?

ಊರಲ್ಲಿ ಹೆದ್ದಾರಿಯ ಹತ್ತಿರ ನನಗೆ ಹತ್ತು ಸೆಂಟ್ಸ್ ಜಾಗ ಇದೆ. ರಸ್ತೆ ಚತುಷ್ಪಥ ಆದ ಮೇಲೆ ಅದರ ಬೆಲೆ ಎಷ್ಟೋ ಪಟ್ಟು ಏರಿತು. ನಾನು ಅಲ್ಲಿ ಒಂದು ಕಲ್ಲನ್ನೂ ಎತ್ತಿಟ್ಟಿಲ್ಲ. ನಾಳೆ ಅದು ಮಕ್ಕಳಿಗೆ ಹೋಗುವಾಗ ಹತ್ತರಲ್ಲಿ ಒಂದು ಪಾಲು ಊರಿಗೆ ಕೊಡಿ ಅಂತ ಕಾನೂನು ಬಂದರೆ, ನಾನು ಅದರ ಪರ.