ಮುಚ್ಚಿದೆ, ದಯವಿಟ್ಟು ಒಳಗೆ ಬನ್ನಿ

ವಿಯೆಟ್ನಾಂ ರಾಜಧಾನಿ ಹನೋಯಿಯಲ್ಲಿ, ಮನೆ-ಕೆಫೆಗಳಿಗೆ ತಾಗುವಂತೆ ನಡುವೆಯೇ ರೈಲು ಹಾಯುವ ಒಂದು ಇಕ್ಕಟ್ಟಿನ ಬೀದಿಯಿದೆ, ಹೆಸರು ಟ್ರೈನ್ ಸ್ಟ್ರೀಟ್. ಅದನ್ನು ಮುಚ್ಚುವ ಸುದ್ದಿ ಬಂದಾಗೆಲ್ಲ ನನಗೆ ಆ ಊರಿನ ಆಡಳಿತದ ಮೇಲೆ ಗೌರವ ಹೆಚ್ಚುತ್ತದೆ. ಒಂದು ಬೀದಿಯನ್ನು ಒಂದು ಸಲ ಮುಚ್ಚುವುದು ಯಾವ ಪುರಸಭೆಯ ಕೈಯಲ್ಲೂ ಆಗುವ ಕೆಲಸ. ಅದೇ ಬೀದಿಯನ್ನು ಮತ್ತೆ ಮತ್ತೆ ಮುಚ್ಚುತ್ತ, ಅಲ್ಲಿನ ವ್ಯಾಪಾರ ಒಂದು ಲೋಟದಷ್ಟೂ ಇಳಿಯದಂತೆ ನೋಡಿಕೊಳ್ಳಬೇಕೆಂದರೆ ಆಡಳಿತದಲ್ಲಿ ಪಳಗಿರಬೇಕು.

2019ರ ಅಕ್ಟೋಬರ್‌ನಲ್ಲಿ ಮುಚ್ಚಿದರು. ಆಗ ಹಳಿ ಮೇಲೆ ಎಷ್ಟು ಜನ ಸೇರಿದ್ದರೆಂದರೆ ಒಂದು ರೈಲನ್ನೇ ಬೇರೆ ದಾರಿಗೆ ತಿರುಗಿಸಬೇಕಾಗಿ ಬಂತು. ರೈಲು ನೋಡಲು ಬಂದವರ ಕಾಟಕ್ಕೆ ರೈಲೇ ಬರಲಿಲ್ಲ! 2022ರ ಸೆಪ್ಟೆಂಬರ್‌ನಲ್ಲಿ ಕೆಫೆಗಳ ಲೈಸೆನ್ಸ್ ಕಿತ್ತುಕೊಂಡು ಬ್ಯಾರಿಕೇಡ್ ನಿಲ್ಲಿಸಿದರು. 2025ರ ಮಾರ್ಚ್‌ನಲ್ಲಿ ಟೂರ್ ಕಂಪನಿಗಳಿಗೆ, ಅಲ್ಲಿಗೆ ಯಾರನ್ನೂ ಕರೆದುಕೊಂಡು ಹೋಗಬೇಡಿ ಎಂದು ತಾಕೀತು ಮಾಡಿದರು. ಪ್ರತಿ ಸಲವೂ ಲೋಕದ ಪತ್ರಿಕೆಗಳು ಫೋಟೊ ಸಮೇತ ಬರೆದವು. ಇಷ್ಟು ಜಾಹೀರಾತಿಗೆ ಕಾಸು ಕೊಡಬೇಕಾಗಿದ್ದರೆ ಆ ಕೆಫೆಯವರು ಮನೆ ಮಾರಬೇಕಿತ್ತು.

ಒಳಗೆ ಹೋಗುವ ಕ್ರಮ ನಿಮಗೆ ಗೊತ್ತೇ ಇರುತ್ತದೆ, ಈಗ ರೀಲ್ಸ್ ನೋಡದವರು ಯಾರಿದ್ದಾರೆ? ಬೀದಿಯ ಬಾಯಲ್ಲಿ ಬ್ಯಾರಿಕೇಡ್. ಪಕ್ಕದಲ್ಲಿ ‘ಅಪಾಯ, ಫೋಟೊ ತೆಗೆಯಬಾರದು’ ಎಂಬ ಬೋರ್ಡು. ಬೋರ್ಡಿನ ಮುಂದೆ ನಿಂತು ಬೋರ್ಡಿನ ಫೋಟೊ ತೆಗೆಯುವವರ ಸಾಲು. ಒಬ್ಬ ಕಾವಲುಗಾರ. ನೀವು ಅಲ್ಲಿ ಪೆಚ್ಚುಮೋರೆ ಹಾಕಿಕೊಂಡು ಸ್ವಲ್ಪ ಹೊತ್ತು ನಿಲ್ಲಬೇಕು. ಒಳಗಿಂದ ಒಬ್ಬ ಹೆಂಗಸು ಬಂದು ‘ಕಾಫಿ? ಬಿಯರ್?’ ಅನ್ನುತ್ತಾಳೆ. ನೀವು ತಲೆಯಾಡಿಸಿದಿರೋ, ಆ ಕ್ಷಣದಿಂದ ನೀವು ಗಿರಾಕಿ. ಕಾವಲುಗಾರನಿಗೆ ಸರಿಯಾಗಿ ಅದೇ ಹೊತ್ತಿಗೆ ಮೊಬೈಲ್‌ನಲ್ಲಿ ಏನೋ ಅರ್ಜೆಂಟ್ ಕೆಲಸ ಬರುತ್ತದೆ. ಅಂದರೆ ಸರ್ಕಾರದ ಲೆಕ್ಕದಲ್ಲಿ ರೈಲಿಗೆ ಸಿಕ್ಕಿ ಸಾಯುವ ಅಪಾಯ ಇರುವುದು ಕಾಫಿ ಕುಡಿಯದವರಿಗೆ ಮಾತ್ರ.

ನನ್ನ ಅಣ್ಣನ ಮಗನೂ ಹೋಗಿ ಬಂದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಸಿಲ್ಕ್ ಬೋರ್ಡ್ ಟ್ರಾಫಿಕ್ಕು, ಎರಡರಲ್ಲೂ ಬಳಲಿ ಬೆಂಡಾಗಿದ್ದ. ಬೆನ್ನಿಗೊಂದು ಬ್ಯಾಗ್ ಏರಿಸಿಕೊಂಡು, “ಏನೂ ಪ್ಲಾನ್ ಇಲ್ಲ ಚಿಕ್ಕಪ್ಪ, ನಾಲ್ಕು ದಿನ ಸುಮ್ನೆ ಆರಾಮಾಗಿ ಇದ್ದು ಬರ್ತೀನಿ” ಅಂದ. ಹನೋಯಿಯಲ್ಲಿ ಹೋನ್ ಕಿಯೆಮ್ ಕೆರೆ ಇದೆ, ದಂಡೆಯ ಮೇಲೆ ಮರದ ನೆರಳಿದೆ, ಕೂರಲು ಬೆಂಚಿದೆ. ಟ್ರೈನ್ ಸ್ಟ್ರೀಟಿನಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ 1070ರಲ್ಲಿ ಕಟ್ಟಿದ ಸಾಹಿತ್ಯ ದೇಗುಲವಿದೆ. ಅಲ್ಲಿ ಹಿಂದಿನ ಕಾಲದ ಪರೀಕ್ಷೆ ಪಾಸಾದವರ ಹೆಸರು ಕೆತ್ತಿದ 82 ಶಾಸನಗಳನ್ನು ಕಲ್ಲಿನ ಆಮೆಗಳು ಬೆನ್ನ ಮೇಲೆ ಹೊತ್ತು ಕೂತಿವೆ. ನಾಲ್ಕು ದಿನ ಆರಾಮಾಗಿರುವುದು ಹೇಗೆಂದು ಕೇಳಲು ಅವಕ್ಕಿಂತ ಅನುಭವಸ್ಥರು ಸಿಗಲಿಕ್ಕಿಲ್ಲ. ಇವನು ಆರಾಮಿಗೆ ಆರಿಸಿಕೊಂಡದ್ದು ಮಂಡಿಗೂ ರೈಲಿಗೂ ಗೇಣುದ್ದ ಅಂತರವಿರುವ ಒಂದು ಪ್ಲಾಸ್ಟಿಕ್ ಸ್ಟೂಲು.

“ದೇಗುಲಕ್ಕೆ ಹೋಗಲಿಲ್ವೇನೋ?”

“ಟೈಮ್ ಆಗ್ಲಿಲ್ಲ ಚಿಕ್ಕಪ್ಪ. ಒಳ್ಳೆ ಸೀಟು ಬೇಕು ಅಂದ್ರೆ ಟ್ರೈನಿಗಿಂತ ಒಂದು ಗಂಟೆ ಮುಂಚೆ ಹೋಗಿ ಹಿಡ್ಕೋಬೇಕು. ಆದ್ರೆ ಅಲ್ಲಿ ಕೂತ್ರೆ ಟೈಮ್ ನಿಂತೇ ಹೋಗುತ್ತೆ.”

“ರೈಲು ನಿಲ್ಲಲ್ವಲ್ಲೋ ಮಾರಾಯ.”

ಅವನು ತೋರಿಸಿದ ವಿಡಿಯೊವನ್ನು ಪೂರ್ತಿ ನೋಡಿದೆ, ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ರೈಲು ಬರುವ ಮುಂಚೆ ಕೆಫೆಯಾಕೆ ಬಿಯರ್ ಬಾಟಲಿಯ ಮುಚ್ಚಳಗಳನ್ನು ಹಳಿ ಮೇಲೆ ಸಾಲಾಗಿ ಇಡುತ್ತಾಳೆ. ಆಮೇಲೆ ಮೇಜು ಎತ್ತಿ, ಬಿಸಿಲಿನ ಮರೆ ಮಡಚಿ, ಗಿರಾಕಿಗಳ ಮೊಣಕಾಲನ್ನು ಕೈಯಿಂದಲೇ ಗೋಡೆ ಕಡೆಗೆ ತಳ್ಳುತ್ತಾಳೆ. ಆರಡಿ ಎತ್ತರದ ಜರ್ಮನ್ನನೋ ಆಸ್ಟ್ರೇಲಿಯಾದವನೋ ಒಬ್ಬ, ತನ್ನೂರಿನಲ್ಲಿ ಜೀಬ್ರಾ ಗೆರೆ ಬಿಟ್ಟು ಆಚೆ ಕಾಲಿಡದವನು, ಎರಡನೇ ಕ್ಲಾಸಿನ ಹುಡುಗನಂತೆ ಕಾಲು ಮಡಚಿ ಕೂರುತ್ತಾನೆ. ರೈಲು ಬರುತ್ತದೆ. ಎಲ್ಲರೂ ಅದನ್ನು ಫೋನಿನೊಳಗೆ ನೋಡುತ್ತಾರೆ. ಹೋಗುತ್ತದೆ. ಅಪ್ಪಚ್ಚಿಯಾದ ಮುಚ್ಚಳಗಳನ್ನು ಆಕೆ ಹೆಕ್ಕಿ ಒಬ್ಬೊಬ್ಬರಿಗೂ ಪ್ರಸಾದದಂತೆ ಹಂಚುತ್ತಾಳೆ. ನಮ್ಮವನ ಪಾಲಿನದು ಈಗ ಅವನ ಲ್ಯಾಪ್‌ಟಾಪ್ ಬ್ಯಾಗಿಗೆ ನೇತಾಡುತ್ತಿದೆ.

ಅವನು ಕುಡಿದದ್ದು ಮೊಟ್ಟೆ ಕಾಫಿ. ಚಿಕ್ಕಮಗಳೂರಿನ ಕಡೆಯವರು ದಯವಿಟ್ಟು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. 1946ರಲ್ಲಿ ಹನೋಯಿಯಲ್ಲಿ ಹಾಲಿಗೆ ಬರ ಬಂದಾಗ ಮೆಟ್ರೊಪೋಲ್ ಹೋಟೆಲಿನ ಕೆಲಸಗಾರ ನ್ಗುಯೆನ್ ವಾನ್ ಜಿಯಾಂಗ್ ಎಂಬಾತ ಮೊಟ್ಟೆಯ ಹಳದಿ ಭಾಗವನ್ನು ಸಕ್ಕರೆಯೊಂದಿಗೆ ನೊರೆ ಬರುವಂತೆ ಕಡೆದು ಕಾಫಿಯ ಮೇಲೆ ಸುರಿದ. ಹಾಲು ಮತ್ತೆ ಸಿಗತೊಡಗಿದರೂ ಜನ ಮೊಟ್ಟೆ ಬಿಡಲಿಲ್ಲ. ರುಚಿ ಚೆನ್ನಾಗಿದೆಯಂತೆ, ನಂಬುತ್ತೇನೆ. ನನಗೆ ತಮಾಷೆ ಅನ್ನಿಸಿದ್ದು ಬೇರೆ. ರೊಬಸ್ಟಾ ಬೆಳೆಯುವುದರಲ್ಲಿ ಜಗತ್ತಿಗೇ ಮೊದಲನೆಯದು ವಿಯೆಟ್ನಾಂ. ಅಲ್ಲಿ ಮಳೆ ತಪ್ಪಿದರೆ ಇಲ್ಲಿ ಕೊಡಗಿನ ಬೆಳೆಗಾರನ ಮುಖ ಅರಳುತ್ತದೆ, ಅಲ್ಲಿ ಫಸಲು ಚೆನ್ನಾಗಿ ಬಂದರೆ ಇವನು ಬ್ಯಾಂಕಿನ ಕಡೆ ತಲೆ ಹಾಕುವುದಿಲ್ಲ. ನಮ್ಮ ಹುಡುಗನ ಅಮ್ಮನ ತವರಿನಲ್ಲೇ ಕಾಫಿ ತೋಟವಿದೆ. ಅಲ್ಲಿ ಕೂತು ಪುಕ್ಕಟೆ ಕಾಫಿ ಕುಡಿ ಅಂದರೆ ನೆಟ್‌ವರ್ಕ್ ಸಿಗಲ್ಲ ಅನ್ನುತ್ತಾನೆ. ವಿಮಾನ ಹತ್ತಿ ಪ್ರತಿಸ್ಪರ್ಧಿಯ ಕಾಫಿ ಕುಡಿದು ಬರುತ್ತಾನೆ, ಅದೂ ರೈಲಿನಡಿ.

ಬ್ಯಾಕ್‌ಪ್ಯಾಕರ್‌ಗಳ ಚೌಕಾಸಿಯದೇ ಇನ್ನೊಂದು ಪುರಾಣ. ಒಂದು ಲಕ್ಷ ಡಾಂಗ್ ಅಂದರೆ ನಮ್ಮ 300 ಚಿಲ್ಲರೆ ರೂಪಾಯಿ. ಲಕ್ಷದ ನೋಟು ಜೇಬಿಗೆ ಬಂದೊಡನೆ ಎಲ್ಲರೂ ಜಮೀನ್ದಾರರು, ಬಿಲ್ ಬಂದೊಡನೆ ಎಲ್ಲರೂ ಬಡ ಪರಿವ್ರಾಜಕರು. ಹೆಗಲ ಮೇಲೆ ಅಡ್ಡೆ ಹೊತ್ತು ಹಣ್ಣು ಮಾರುವ ಅಜ್ಜಿಯ ಹತ್ತಿರ ಐದು ಸಾವಿರ ಡಾಂಗ್ ಕಮ್ಮಿ ಮಾಡಿಸಿದ ಕತೆಯನ್ನು ನಮ್ಮವನು ನಗುನಗುತ್ತ ಹೇಳಿದ. ಲೆಕ್ಕ ಹಾಕಿದೆ, ಇಪ್ಪತ್ತು ರೂಪಾಯಿಯೂ ಆಗಲಿಲ್ಲ.

ನನಗೆ ನಗು ಬರಲಿಲ್ಲ. ಆ ಹಳಿಯನ್ನು ಫ್ರೆಂಚರು ನೂರಿಪ್ಪತ್ತು ವರ್ಷದ ಹಿಂದೆ ಹಾಕಿದರು, ಹಿಂದೆ ಬೆಂಗಳೂರು–ಮೈಸೂರು ನಡುವೆ ಇತ್ತಲ್ಲ, ಅದೇ ಮೀಟರ್ ಗೇಜ್. ಹಳಿ ಪಕ್ಕದ ಎಷ್ಟೋ ಮನೆಗಳು ಮೂಲದಲ್ಲಿ ರೈಲ್ವೆ ಕೆಲಸಗಾರರವು. ಟ್ರೈನ್ ಸ್ಟ್ರೀಟಿನ ಲೆ ಡುವಾನ್ ರಸ್ತೆ ಕಡೆಯ ಭಾಗಕ್ಕೆ ತಾಗಿದಂತೆ ಖಾಮ್ ತಿಯೆನ್ ರಸ್ತೆ ಇದೆ. 1972ರ ಡಿಸೆಂಬರ್ 26ರ ರಾತ್ರಿ ಅಮೆರಿಕದ ಬಿ-52 ವಿಮಾನಗಳು ಅಲ್ಲಿ ಬಾಂಬು ಸುರಿದು 250ಕ್ಕೂ ಹೆಚ್ಚು ಜನರನ್ನು ಕೊಂದವು. ಹಾಗೆ ಉಳಿದುಕೊಂಡ ಬೀದಿಗಳು ಇವು. ಬೇರೆಲ್ಲೂ ಜಾಗ ಸಿಗದೆ ಹಳಿ ಪಕ್ಕದಲ್ಲಿ ಅಡುಗೆ ಮಾಡಿ, ಬಟ್ಟೆ ಒಣಹಾಕಿ, ಮಕ್ಕಳನ್ನು ಸಾಕಿದವರ ಇಕ್ಕಟ್ಟು ಈಗ ಬಂದವರ ಬಾಯಲ್ಲಿ ‘ಅಥೆಂಟಿಕ್’. ಆ ಇಕ್ಕಟ್ಟಿನಿಂದಲೇ ನಾಲ್ಕು ಕಾಸು ಹುಟ್ಟಿಸಿಕೊಳ್ಳೋಣ ಎಂದು ಸ್ಟೂಲು, ದೀಪದ ಸರ ತಂದಿಟ್ಟರೆ ಸರ್ಕಾರ ಬಂದು ಮುಚ್ಚಿಸುತ್ತದೆ. ಮುಚ್ಚಿಸಿದ ದಿನ ಪ್ರವಾಸಿಗೆ ಏನೂ ನಷ್ಟವಿಲ್ಲ, ಅವನ ಪಟ್ಟಿಯಲ್ಲಿ ಮುಂದಿನ ಊರಿದೆ. ಸಾಲ ಕೆಫೆಯಾಕೆಯದು. ಆಮೇಲೆ ಸದ್ದಿಲ್ಲದೆ ತೆರೆಯಲು ಬಿಡುತ್ತಾರೆ, ಡಾಲರ್ ಬೇಕಲ್ಲ. ನಾಳೆ ಯಾವನೋ ಗಾಲಿಗೆ ಸಿಕ್ಕರೆ ತೋರಿಸಲು ಬೋರ್ಡು ಸಿದ್ಧವಾಗಿದೆ, ಜೈಲಿಗೆ ಹೋಗಲು ಆಕೆ ಸಿದ್ಧವಾಗಿರಬೇಕು. ಹೇಳಿ ಹೇಳಿ ಸಾಕಾಗುವ ವಿಷಯ ಇದು. ಯಾವ ದೇಶದಲ್ಲಾದರೂ ಬೋರ್ಡು ಹಾಕಿದವನು ಕೈ ತೊಳೆದುಕೊಳ್ಳುತ್ತಾನೆ.

ನಾವೇನು ಕಮ್ಮಿಯೇ? ದೂಧಸಾಗರಕ್ಕೆ ಹಳಿ ಮೇಲೆ ನಡೆಯಬೇಡಿ ಅಂದಷ್ಟೂ ಮಳೆಗಾಲದಲ್ಲಿ ಜನ ಹೆಚ್ಚುತ್ತಾರೆ. ಸಕಲೇಶಪುರ–ಸುಬ್ರಹ್ಮಣ್ಯ ಹಳಿಯ ಚಾರಣಕ್ಕೆ ನಿಷೇಧವಿದೆ ಎಂದು ಮೊದಲ ಸಾಲಿನಲ್ಲಿ ಹೇಳಿ, ಎರಡನೇ ಸಾಲಿನಿಂದ ಎಡಕುಮೇರಿಗೆ ಯಾವ ರೈಲು, ಊಟಕ್ಕೆ ಏನು ಕಟ್ಟಿಕೊಳ್ಳಬೇಕು ಎಂದು ವಿವರಿಸುವ ಮಾರ್ಗದರ್ಶಕರಿಗೆ ನಮ್ಮಲ್ಲಿ ಬರವಿಲ್ಲ. 2023ರ ಜುಲೈನಲ್ಲಿ ದೂಧಸಾಗರದ ಹಳಿ ಮೇಲೆ ಸಿಕ್ಕಿದವರಿಂದ ರೈಲ್ವೆ ಪೊಲೀಸರು ಕಿವಿ ಹಿಡಿಸಿ ಬಸ್ಕಿ ಹೊಡೆಸಿದ್ದು ನೆನಪಿರಬಹುದು. ಜಲಪಾತವನ್ನು ಬೋಗಿಯೊಳಗೆ ಕೂತು ನೋಡಿ ಎಂದು ನೈಋತ್ಯ ರೈಲ್ವೆ ಕೇಳಿಕೊಂಡಿತು. ಆ ಮನವಿಯನ್ನು ಯಾರು ಓದಿದರೋ ಕಾಣೆ, ಬಸ್ಕಿ ವಿಡಿಯೊವನ್ನಂತೂ ದೇಶವೇ ನೋಡಿತು.

ಹನೋಯಿಯವರಿಗೆ ಈ ಉಪಾಯವನ್ನು ಯಾರೂ ಹೇಳಿಕೊಡಬೇಡಿ. ಎರಡೇ ವಾರದಲ್ಲಿ ಮೆನುವಿನಲ್ಲಿ ಬಂದುಬಿಡುತ್ತದೆ: ಮೊಟ್ಟೆ ಕಾಫಿ, ಹತ್ತು ಬಸ್ಕಿ, ವಿಡಿಯೊ ಫ್ರೀ.