ಗೋಲು ಬಿದ್ದದ್ದು ಕಣ್ಣಿಗೆ ಕಾಣಬೇಕು

2023ರ ಜೂನ್ 21. ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಭಾರತ–ಪಾಕಿಸ್ತಾನ ಫುಟ್‌ಬಾಲ್ ಪಂದ್ಯ. ಒಂಬತ್ತು ವರ್ಷದ ಮಗಳನ್ನ ಕರೆದುಕೊಂಡು ಹೋಗಿದ್ದೆ. ಜೋರು ಮಳೆ. ನಮಗೆ ಸಿಕ್ಕಿದ್ದು ಒಂದು ಗೋಲಿನ ಹಿಂದಿನ ಸೀಟು, ನಡುವೆ ಓಟದ ಟ್ರ್ಯಾಕ್. ಹತ್ತನೇ ನಿಮಿಷಕ್ಕೆ ಎದುರಿನ ತುದಿಯಲ್ಲಿ ಏನೋ ಆಯ್ತು, ಜನ ಎದ್ದು ನಿಂತು ಕಿರುಚಿದರು. ಮಗಳು ರೈನ್‌ಕೋಟಿನ ಟೋಪಿ ಹಿಂದಕ್ಕೆ ಸರಿಸಿ, "ಅಪ್ಪಾ, ಗೋಲಾ? ಯಾರು ಹೊಡೆದಿದ್ದು?" ಅಂತ ಕೇಳಿದಳು. ನನಗೂ ಕಂಡಿರಲಿಲ್ಲ. ಪಕ್ಕದವರು ನಮ್ಮ ಕ್ಯಾಪ್ಟನ್ ಸುನಿಲ್ ಛೆಟ್ರಿ ಅಂದರು, ನಾನೂ ಛೆಟ್ರಿ ಅಂದೆ. ಪಾಕಿಸ್ತಾನದ ಗೋಲ್‌ಕೀಪರ್ ಕಾಲಿನಿಂದ ಚೆಂಡು ತಪ್ಪಿದ್ದು, ಛೆಟ್ರಿ ಅಲ್ಲೇ ಹೊಂಚು ಹಾಕಿದ್ದು, ಇದೆಲ್ಲಾ ನಾವು ನೋಡಿದ್ದು ರಾತ್ರಿ ಮನೆಗೆ ಬಂದು ಮೊಬೈಲಿನಲ್ಲಿ. ಭಾರತ 4–0 ಗೆದ್ದಿತು, ಛೆಟ್ರಿ ಹ್ಯಾಟ್ರಿಕ್ ಹೊಡೆದರು. ಮಗಳಿಗೆ ಖುಷಿಯೋ ಖುಷಿ. ಆದರೆ ಅವಳ ಜೀವನದ ಮೊದಲ ಇಂಟರ್‌ನ್ಯಾಷನಲ್ ಗೋಲನ್ನ ಅವಳು ಕಿವಿಯಲ್ಲಿ ಕೇಳಿದಳು, ಕಣ್ಣಲ್ಲಿ ನೋಡಲಿಲ್ಲ. ಆ ಕೊರಗು ನನಗೆ ಇನ್ನೂ ಹೋಗಿಲ್ಲ.

ಹೊಸ ಸ್ಟೇಡಿಯಂ ಅನ್ನೋ ಮಾತು ಬಂದಾಗಲೆಲ್ಲ ಎಷ್ಟು ಸಾವಿರ ಸೀಟು, ಎಷ್ಟು ಕೋಟಿ ಅಂತಲೇ ಚರ್ಚೆ ಶುರುವಾಗುತ್ತೆ. ನಾನು ಕೇಳೋದು ಒಂದೇ: ಸುತ್ತ ಓಟದ ಟ್ರ್ಯಾಕ್ ಇರುತ್ತಾ, ಇರಲ್ವಾ? ಇರುತ್ತೆ ಅಂದರೆ ಅದು ಫುಟ್‌ಬಾಲ್ ಸ್ಟೇಡಿಯಂ ಅಲ್ಲ. ಅದಕ್ಕೆ ಬೇರೆ ಹೆಸರಿಡಿ.

ಸುಮ್ನೆ ಹೇಳ್ತಿಲ್ಲ, ಲೆಕ್ಕ ಹಾಕಿ ನೋಡಿ. ಇಂಟರ್‌ನ್ಯಾಷನಲ್ ಪಂದ್ಯದ ಅಂಗಳ 105 ಮೀಟರ್ ಉದ್ದ, 68 ಮೀಟರ್ ಅಗಲ. 400 ಮೀಟರ್ ಟ್ರ್ಯಾಕಿನ ಒಳಗಿನ ಜಾಗ ಅಗಲದಲ್ಲಿ ಸುಮಾರು 73 ಮೀಟರ್ ಇರುತ್ತೆ, ಉದ್ದದಲ್ಲಿ ಸುಮಾರು 157. ಎರಡೂ ತುದಿಯಲ್ಲಿ ಟ್ರ್ಯಾಕ್ ಅರ್ಧ ಚಂದ್ರನ ಹಾಗೆ ತಿರುಗುತ್ತಲ್ಲ, ಅದಕ್ಕೇ ಅಷ್ಟು ಉದ್ದ. ಅಂದರೆ ಒಂದೊಂದು ಗೋಲಿನ ಹಿಂದೆ 26 ಮೀಟರ್ ಖಾಲಿ. ಅದರಾಚೆ ಎಂಟು ಲೇನ್‌ಗಳಿಗೆ ಇನ್ನೂ ಹತ್ತು ಮೀಟರ್. ಮೊದಲನೇ ಸಾಲಿನಲ್ಲಿ ಕೂತವನಿಗೇ ಹತ್ತಿರದ ಗೋಲು 35 ಮೀಟರ್‌ಗಿಂತ ದೂರ ಆಯ್ತು. ಆ ಕಡೆಯ ಗೋಲು 140 ಮೀಟರ್ ದಾಟುತ್ತೆ. ಇನ್ನು ಮಳೆ ಬಂದರೆ, ಒಂಬತ್ತು ವರ್ಷದ ಮಗು ಏನು ನೋಡಬೇಕು ಹೇಳಿ.

ನಮ್ಮೂರ ಕ್ಲಬ್ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಮೊದಲ ವರ್ಷ, 2013–14ರಲ್ಲಿ, ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡಿದ್ದು ನೆನಪಿದೆಯಾ? ಚಿಕ್ಕ ಜಾಗ, ಕೃತಕ ಹುಲ್ಲು. ಆದರೆ ಚೆಂಡಿಗೆ ಕಾಲು ತಾಗಿದ ಸದ್ದು ಕೇಳ್ತಿತ್ತು. ಗೋಲ್‌ಕೀಪರ್ ತನ್ನ ಡಿಫೆಂಡರ್‌ಗಳಿಗೆ ಕೂಗಿ ಬೈಯೋದು ಕೇಳ್ತಿತ್ತು. ಕಾರ್ನರ್ ಹೊಡೆಯೋಕೆ ಬಂದವನ ಮುಖದ ಬೆವರು ಕಾಣ್ತಿತ್ತು. ಅಲ್ಲಿ ಕೂಗಿದ್ದು ಆಟಗಾರನಿಗೆ ತಲುಪುತ್ತೆ ಅಂತ ಗೊತ್ತಿತ್ತು, ಅದಕ್ಕೇ ಗಂಟಲು ಹರಿಯೋ ತನಕ ಕೂಗ್ತಿದ್ದೆವು.

ಕಂಠೀರವದ ಮೇಲೆ ನನಗೆ ಸಿಟ್ಟಿಲ್ಲ. ಅದು ಅಥ್ಲೆಟಿಕ್ಸ್ ಸ್ಟೇಡಿಯಂ, 1997ರ ನ್ಯಾಷನಲ್ ಗೇಮ್ಸ್ ನಡೆದ ಜಾಗ. ಅಲ್ಲಿ ಬೆಳಿಗ್ಗೆ ಐದೂವರೆಗೆ ಸ್ಪೈಕ್ಸ್ ಕಟ್ಟಿಕೊಂಡು ಓಡೋ ಹುಡುಗ ಹುಡುಗಿಯರಿಗೆ ಪಂದ್ಯದ ದಿನ ಗೇಟು ಮುಚ್ಚಿದರೆ ಹೊಟ್ಟೆ ಉರಿಯಲ್ವಾ? ಜಗಳ ಕೋರ್ಟ್ ಮೆಟ್ಟಿಲನ್ನೂ ಹತ್ತಿತು. ನಾನು ಫುಟ್‌ಬಾಲ್ ಹುಚ್ಚನಾದರೂ ಹೇಳ್ತೀನಿ, ಓಟಗಾರರ ಕಡೆಯೂ ನ್ಯಾಯ ಇದೆ. ಒಂದು ಮನೆಯಲ್ಲಿ ಎರಡು ಸಂಸಾರ ಇಟ್ಟು ಹೊಂದಿಕೊಂಡು ಹೋಗಿ ಅಂದರೆ ಇಬ್ಬರಿಗೂ ನೆಮ್ಮದಿ ಇರಲ್ಲ.

ಇದು ಬೆಂಗಳೂರಿನ ಕಥೆ ಮಾತ್ರ ಅಲ್ಲ. ಕಲ್ಕತ್ತಾದ ಸಾಲ್ಟ್ ಲೇಕ್ ನಮ್ಮ ದೇಶದ ಫುಟ್‌ಬಾಲಿನ ದೊಡ್ಡ ಮನೆ. ಒಂದು ಕಾಲಕ್ಕೆ ಲಕ್ಷಕ್ಕೂ ಜಾಸ್ತಿ ಜನ ಸೇರುತ್ತಿದ್ದ ಜಾಗ, ಅಲ್ಲೂ ಸುತ್ತ ಟ್ರ್ಯಾಕ್. ದಿಲ್ಲಿಯ ನೆಹರೂ ಸ್ಟೇಡಿಯಂನಲ್ಲೂ ಟ್ರ್ಯಾಕ್. ಗೋವಾದ ಫತೋರ್ಡಾದಂಥ ಕೆಲವು ಬಿಟ್ಟರೆ ಭಾರತ ತಂಡ ಆಡೋ ಹೆಚ್ಚಿನ ಕಡೆ ಜನ ದೂರದಲ್ಲೇ ಕೂರಬೇಕು.

ಲಂಡನ್ನಿನವರೂ ಇದೇ ಗುಂಡಿಗೆ ಬೀಳೋದರಲ್ಲಿದ್ದರು. ಅವರ ದೊಡ್ಡ ಫುಟ್‌ಬಾಲ್ ಸ್ಟೇಡಿಯಂ ಹಳೇ ವೆಂಬ್ಲಿಯಲ್ಲಿ ಅಂಗಳದ ಸುತ್ತ ನಾಯಿ ರೇಸಿನ ಟ್ರ್ಯಾಕ್ ಇತ್ತು, 1948ರ ಒಲಿಂಪಿಕ್ಸ್ ಓಟ ನಡೆದದ್ದೂ ಅಲ್ಲೇ. ಅಲ್ಲೂ ಗೋಲಿನ ಹಿಂದೆ ಕೂತವರಿಗೆ ಆಟ ದೂರ. ಹೊಸ ವೆಂಬ್ಲಿಗೆ ಲಾಟರಿ ನಿಧಿಯಿಂದ 12 ಕೋಟಿ ಪೌಂಡ್ ಕೊಟ್ಟಾಗ, ಅಥ್ಲೆಟಿಕ್ಸ್‌ಗೂ ಜಾಗ ಇರಬೇಕು ಅಂತ ಷರತ್ತು ಹಾಕಿದರು. ಕೆಳಗಿನ ಸೀಟುಗಳ ಮೇಲೆ ಅಟ್ಟಣೆ ಕಟ್ಟಿ ಅದರ ಮೇಲೆ ಟ್ರ್ಯಾಕ್ ಹಾಕೋ ಯೋಚನೆಯೂ ನಡೆಯಿತು. ಕೊನೆಗೆ 1999ರ ಡಿಸೆಂಬರ್‌ನಲ್ಲಿ ಸರ್ಕಾರವೇ ಇದು ಆಗದ ಕೆಲಸ ಅಂತ ಅಥ್ಲೆಟಿಕ್ಸನ್ನ ಹೊರಗಿಟ್ಟಿತು. ಇವತ್ತು ವೆಂಬ್ಲಿಯಲ್ಲಿ 90 ಸಾವಿರ ಸೀಟು. ಮೇಲಿನ ಕಮಾನು ಚಾವಣಿಯ ಭಾರ ಹೊರುತ್ತೆ, ಅದಕ್ಕೇ ಯಾರ ಕಣ್ಣಿಗೂ ಒಂದು ಕಂಬ ಅಡ್ಡ ಬರಲ್ಲ.

ಆದರೆ ಅಥ್ಲೆಟಿಕ್ಸ್ ಗತಿ ಏನಾಯ್ತು? ಅದನ್ನೂ ಹೇಳಬೇಕು. ಪಿಕೆಟ್ಸ್ ಲಾಕ್ ಅನ್ನೋ ಕಡೆ ಬೇರೆ ಸ್ಟೇಡಿಯಂ ಕಟ್ತೀವಿ ಅಂದರು, ಖರ್ಚು ನೋಡಿ 2001ರಲ್ಲಿ ಕೈಬಿಟ್ಟರು. 2005ರ ವಿಶ್ವ ಅಥ್ಲೆಟಿಕ್ಸ್ ಲಂಡನ್ ಕೈತಪ್ಪಿ ಹೆಲ್ಸಿಂಕಿಗೆ ಹೋಯಿತು. ಆಮೇಲೆ 2012ರ ಒಲಿಂಪಿಕ್ಸ್‌ಗೆ ಕಟ್ಟಿದ ಸ್ಟೇಡಿಯಂಗೆ 2016ರಲ್ಲಿ ವೆಸ್ಟ್ ಹ್ಯಾಮ್ ಕ್ಲಬ್ ಬಂತು. ಟ್ರ್ಯಾಕ್ ಮೇಲೆ ಸೀಟು ತಳ್ಳಿಟ್ಟರೂ ಆಟ ದೂರ ದೂರ ಅಂತ ಅವರ ಅಭಿಮಾನಿಗಳು ಗೋಳಾಡಿದರು. ನೋಡಿ, ಒಂದೇ ಊರಿನಲ್ಲಿ ಎರಡೂ ಪಾಠ ಸಿಕ್ಕವು. ಪ್ಯಾರಿಸ್ಸಿನ ಸ್ಟಾದ್ ದ ಫ್ರಾನ್ಸ್‌ನಲ್ಲಿ ಕೆಳಗಿನ ಗ್ಯಾಲರಿಯನ್ನೇ ಹಿಂದಕ್ಕೆ ಸರಿಸಿ ಟ್ರ್ಯಾಕ್ ತೆರೆಯೋ ಏರ್ಪಾಟಿದೆ, ಅದು ಸರಿಯಾಗಿ ನಡೆದಿದೆ ಅಂತಾನೂ ಒಪ್ಪುತ್ತೇನೆ. ಆದರೆ ಆ ಸರಿಸೋ ಕೆಲಸಕ್ಕೇ ದಿನಗಟ್ಟಲೆ ಬೇಕು. ನಮ್ಮಲ್ಲಿ ಅದನ್ನ ವರ್ಷ ವರ್ಷ ಯಾರು ನೋಡಿಕೊಳ್ತಾರೆ?

ವೆಂಬ್ಲಿಯವರು ಎಡವಲಿಲ್ಲ ಅಂತ ಅಲ್ಲ. ಇಂಗ್ಲೆಂಡಿನ ದೊಡ್ಡ ಕ್ಲಬ್ ಟೂರ್ನಿ ಎಫ್‌ಎ ಕಪ್‌ನ 2006ರ ಫೈನಲ್‌ಗೆ ಮುಗಿಯಬೇಕಿದ್ದ ಕೆಲಸ ಮುಗಿಯದೆ, ಆ ಪಂದ್ಯ ಕಾರ್ಡಿಫ್‌ನಲ್ಲೇ ನಡೆಯಿತು. ತೆರೆದದ್ದು 2007ರಲ್ಲಿ. ಆಮೇಲೆ ಹುಲ್ಲು ನಿಲ್ಲಲಿಲ್ಲ! ಗ್ಯಾಲರಿ ಎತ್ತರವಾದಷ್ಟೂ ಬಿಸಿಲು ಗಾಳಿ ಕಮ್ಮಿ, ಬೇರು ಹಿಡಿಯಲ್ಲ. ಮತ್ತೆ ಮತ್ತೆ ಹುಲ್ಲು ಕಿತ್ತು ಹೊಸದು ಹಾಸಿ ಸುಸ್ತಾಗಿ, 2010ರಲ್ಲಿ ಹುಲ್ಲಿನ ಜೊತೆ ಕೃತಕ ಎಳೆ ಹೊಲಿಯೋ ಹೊಸ ಪದ್ಧತಿಗೆ ಹೋದರು. ಕಟ್ಟಡದವರು ನಕ್ಷೆ ಬಿಡಿಸೋ ದಿನವೇ ಹುಲ್ಲು ಬೆಳೆಸೋರನ್ನೂ ಕೂರಿಸಿಕೊಳ್ಳಬೇಕು. ನಮ್ಮ ಮಳೆಗಾಲಕ್ಕೆ ನೀರು ಇಂಗೋ ವ್ಯವಸ್ಥೆ ಇನ್ನೂ ಮುಖ್ಯ.

ಇನ್ನೊಂದು ಮಾತು, ಹೇಳದೆ ಇರೋಕಾಗಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಹತ್ತಿರ ನೂಕುನುಗ್ಗಲಲ್ಲಿ 11 ಜನ ಸತ್ತರು. ಹೆಚ್ಚಿನವರು ಚಿಕ್ಕ ವಯಸ್ಸಿನವರು. ಕಂಠೀರವದಿಂದ ನಡೆದು ಹೋಗೋ ದೂರ. ಅವತ್ತಿಂದ ನಾನು ಯಾವ ಸ್ಟೇಡಿಯಂಗೆ ಹೋದರೂ ಮೊದಲು ಗೇಟು ನೋಡ್ತೀನಿ, ಆಮೇಲೆ ಸೀಟು. 1923ರಲ್ಲಿ ಹಳೇ ವೆಂಬ್ಲಿಯ ಮೊದಲ ಪಂದ್ಯವಾದ ಎಫ್‌ಎ ಕಪ್ ಫೈನಲ್‌ಗೇ ಎರಡು ಲಕ್ಷ ಜನ ನುಗ್ಗಿದ್ದರು ಅಂತ ಅಂದಾಜು. ಅಂಗಳದ ತುಂಬ ಜನ. ಬಿಳಿ ಕುದುರೆ ಮೇಲೆ ಕೂತ ಪೊಲೀಸ್ ಒಬ್ಬರು ಮೆಲ್ಲಮೆಲ್ಲನೆ ಹಿಂದಕ್ಕೆ ಸರಿಸಿದ ಮೇಲೇ ಆಟ ಶುರುವಾಯಿತು. ಅದಾದ ಮೇಲೆ ಫೈನಲ್‌ಗೆ ಮುಂಗಡ ಟಿಕೆಟ್ ಇಲ್ಲದೆ ಪ್ರವೇಶ ಇಲ್ಲ ಅಂತ ಮಾಡಿದರು. ನೂರು ವರ್ಷದ ಹಿಂದೆ ಕಲಿತ ಪಾಠ ಅದು. ಎಷ್ಟು ಗೇಟು, ಎಷ್ಟು ಅಗಲ, ಹೊರಗೆ ಎಷ್ಟು ಬಯಲು, ಮೆಟ್ರೋ ಎಷ್ಟು ಹತ್ತಿರ, ಹೆಣ್ಣುಮಕ್ಕಳಿಗೆ ಎಷ್ಟು ಟಾಯ್ಲೆಟ್, ಇದೆಲ್ಲಾ ಮೊದಲ ಪುಟದಲ್ಲಿ ಬರಬೇಕು. ವೆಂಬ್ಲಿ ತೆರೆದಾಗ ಅಲ್ಲಿ 2,618 ಟಾಯ್ಲೆಟ್ ಇದ್ದವು.

ಬೆಂಗಳೂರಿಗೆ ಯಾಕೆ ಬೇಕು ಅಂತ ಕೇಳೋರಿಗೆ: ಗೌತಮಪುರ, ಆಸ್ಟಿನ್ ಟೌನ್ ಬೀದಿಗಳಲ್ಲಿ ಒಮ್ಮೆ ನಡೆದು ಬನ್ನಿ. ಅಲ್ಲಿಂದ ಒಲಿಂಪಿಕ್ಸ್‌ಗೆ ಹೋಗಿ ಬಂದವರಿದ್ದಾರೆ. ರಾಜ್ಯಕ್ಕೆ ಮೈಸೂರು ಅಂತ ಹೆಸರಿದ್ದಾಗ ನಮ್ಮ ತಂಡ ನಾಲ್ಕು ಸಲ ರಾಜ್ಯ ತಂಡಗಳ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿತ್ತು. ಆಮೇಲೆ 54 ವರ್ಷ ಕಾದು 2023ರ ಮಾರ್ಚ್‌ನಲ್ಲಿ ಕರ್ನಾಟಕ ಮತ್ತೆ ಗೆದ್ದಿತು, ಮೇಘಾಲಯದ ಎದುರು 3–2. ಆ ಫೈನಲ್ ನಡೆದದ್ದು ಸೌದಿಯ ರಿಯಾದ್‌ನಲ್ಲಿ. ಈ ಊರಿನ ಗಲ್ಲಿಗಳಲ್ಲಿ ಬೆಳೆದ ಆಟದ ದೊಡ್ಡ ದಿನವನ್ನ ಈ ಊರಿನವರು ಕಣ್ಣಾರೆ ನೋಡೋಕಾಗಲಿಲ್ಲ.

90 ಸಾವಿರ ಸೀಟು ನಮಗೆ ಬೇಡ. 25 ಸಾವಿರ ಸಾಕು. ಊರಾಚೆ ಮೂವತ್ತು ಕಿಲೋಮೀಟರ್ ದೂರದಲ್ಲಿ ಸಸ್ತಾ ಜಾಗ ಸಿಕ್ಕಿತು ಅಂತ ಅಲ್ಲಿಗೆ ಹೊತ್ತುಕೊಂಡು ಹೋಗಬೇಡಿ, ರಾತ್ರಿ ಹತ್ತಕ್ಕೆ ಪಂದ್ಯ ಮುಗಿದ ಮೇಲೆ ಮಕ್ಕಳನ್ನ ಕರೆದುಕೊಂಡು ವಾಪಸ್ ಬರೋಕಾಗಬೇಕು. ನಾಲ್ಕೂ ಕಡೆ ಚಾವಣಿ ಇರಲಿ. ಕಂಠೀರವವನ್ನ ಓಟಗಾರರಿಗೇ ಬಿಟ್ಟುಕೊಡೋಣ.

ಮಗಳು ಈಗ ಶಾಲೆ ಟೀಮಿನಲ್ಲಿ ಲೆಫ್ಟ್ ಬ್ಯಾಕ್. ಹೋದ ವಾರ ಅವಳ ಪಂದ್ಯ ನೋಡೋಕೆ ಹೋಗಿದ್ದೆ. ಮಣ್ಣಿನ ಅಂಗಳ, ಸುಣ್ಣದ ಗೆರೆ, ಗೆರೆಯಿಂದ ಎರಡು ಹೆಜ್ಜೆ ಹಿಂದೆ ನಾವು ಅಪ್ಪ ಅಮ್ಮಂದಿರು. ಎದುರು ತಂಡದ ಹುಡುಗಿ ಒದ್ದ ಚೆಂಡು ಕಂಬಕ್ಕೆ ತಾಗಿ ಒಳಗೆ ಹೋದದ್ದು ನನಗೆ ಚೆನ್ನಾಗಿ ಕಂಡಿತು.