ಗಾಡಿ ಬರದ ಗಲ್ಲಿಗೂ ಕಸದ ಶುಲ್ಕ

ಈಗ ಕಸದ ಶುಲ್ಕದ ಬಾಕಿಗೆ ದಂಡ ಬೇರೆ ಸೇರಿಸಿದ್ದಾರೆ. ಸಾಕಾಗಿಹೋಯ್ತು! ಗಾಡಿಯೇ ಬರದ ಗಲ್ಲಿಗೆ ಇದು ಯಾವ ಸೇವೆಯ ಬಾಕಿ?

ಕಸ ಅದುಮುವ ಲಾರಿ ತಿರುಗಲು ಅಗಲವಾದ ರಸ್ತೆ ಬೇಕು. ಬಡವರ ಗಲ್ಲಿಯಲ್ಲಿ ಎದುರಿಗೆ ಸೈಕಲ್ ಬಂದರೂ ಗೋಡೆಗೆ ಒರಗಿ ದಾರಿ ಬಿಡಬೇಕು. ಹಾಗಾಗಿ ಲಾರಿ ಮುಖ್ಯರಸ್ತೆಯಲ್ಲೇ ನಿಂತು, ಹಾರ್ನ್ ಹೊಡೆದು ಹೊರಟುಬಿಡುತ್ತದೆ. ಅದೂ ಕೂಲಿಗೆ ಹೋದವರು ಮನೆಯಲ್ಲಿಲ್ಲದ ಹೊತ್ತಿಗೆ. ಹಸಿ ಕಸ ಕೊಳೆತು ನೀರು ಬಿಡುತ್ತದೆ, ಚೀಲದ ತಳ ಒಡೆದು ಆ ಕಪ್ಪು ನೀರು ಹೊಸ್ತಿಲವರೆಗೂ ಹರಿಯುತ್ತದೆ. ಬೇಸಿಗೆಯಲ್ಲಿ ನೊಣದ ಮೊಟ್ಟೆ 7ರಿಂದ 10 ದಿನದಲ್ಲಿ ಹಾರುವ ನೊಣವಾಗುತ್ತದೆ. ವಾರಗಟ್ಟಲೆ ಕಸ ಎತ್ತದಿದ್ದರೆ ಏನಾಗುತ್ತದೆಂದು ಬಿಲ್ ಬರೆಯುವವರಿಗೆ ಗೊತ್ತಿಲ್ಲವೇ?

ದರ ಮನೆಗೊಂದಂತೆ. ಹತ್ತು ಕೋಣೆಯ ಮನೆಗೂ ಅಷ್ಟೇ, ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಮನೆಗೂ ಅಷ್ಟೇ. ಇಲ್ಲಿ ರಟ್ಟು, ಬಾಟಲಿ, ತಗಡು ಎಲ್ಲ ಗುಜರಿಗೆ ಹೋಗುತ್ತದೆ. ಉಳಿಯುವುದು ಸಿಪ್ಪೆ, ಬೂದಿ, ಒಂದಿಷ್ಟು ಪ್ಲಾಸ್ಟಿಕ್. ತೂಕ ಯಾರು ನೋಡುತ್ತಾರೆ?

ಎಲ್ಲಕ್ಕಿಂತ ಹೊಟ್ಟೆ ಉರಿಯುವುದು ಇದನ್ನು ನೀರಿನ ಬಿಲ್ಲಿಗೆ ಸೇರಿಸಿದಾಗ. ಕಟ್ಟಿದ ದುಡ್ಡನ್ನು ಮೊದಲು ಕಸದ ಹಳೇ ಬಾಕಿಗೆ, ಆಮೇಲೆ ದಂಡಕ್ಕೆ ಮುರಿದುಕೊಳ್ಳುತ್ತಾರೆ. ನೀರಿನ ಲೆಕ್ಕ ಹಾಗೇ ಬಾಕಿ ಉಳಿಯುತ್ತದೆ, ಮುಂದಿನ ತಿಂಗಳು ನಲ್ಲಿ ಕತ್ತರಿಸುವ ನೋಟಿಸ್ ಬರುತ್ತದೆ. ಬಳಸಿದ ನೀರಿಗೆ ಪೂರ್ತಿ ದುಡ್ಡು ಕೊಟ್ಟವರ ನಲ್ಲಿಯನ್ನು, ಎತ್ತದ ಕಸಕ್ಕಾಗಿ ಕತ್ತರಿಸುವುದು ಯಾವ ನ್ಯಾಯ?